ಹಡಗು ಹೊರಡೋ ದಿನವೇ ವಿಮಾನ ಇಳಿಯೋ ಪ್ಲಾನ್ ಬಿಟ್ಟುಬಿಡಿ

ಮೇಡಂ, ನಿಮ್ಮ ಪೋಸ್ಟ್ ಓದಿ ಸುಮ್ಮನೆ ಕೂರಕ್ಕಾಗಲಿಲ್ಲ. ಬಾರ್ಸಿಲೋನಾದಿಂದ ಏಳು ರಾತ್ರಿಯ ಕ್ರೂಸ್. ನೀವಿಬ್ಬರು, ಅತ್ತೆ-ಮಾವ, ಒಂಬತ್ತು ವರ್ಷದ ಮಗ, ಎರಡು ವರ್ಷದ ಮಗಳು. ವಿಮಾನ ಇಳಿಯೋದು ಅದೇ ದಿನ ಬೆಳಿಗ್ಗೆ 11ಕ್ಕೆ, ಹಡಗು ಸಂಜೆ 5ಕ್ಕೆ, "ಆರು ಗಂಟೆ ಇದೆಯಲ್ಲ, ಸಾಕು" ಅಂದಿದ್ದೀರಿ. ಅದರ ಮೇಲೆ ಎರಡು ಗ್ಯಾರಂಟಿ ಕ್ಯಾಬಿನ್ (ಯಾವ ನಂಬರ್ ಅಂತ ಕಂಪನಿಯೇ ಆಮೇಲೆ ಆರಿಸೋದು) ಬೇರೆ. ಕಾಮೆಂಟಿನಲ್ಲಿ ಒಂದಿಬ್ಬರು "ಆರಾಮಾಗಿ ಆಗುತ್ತೆ" ಅಂತಲೂ ಬರೆದಿದ್ದಾರೆ. ಆಗಲ್ಲ. ಈ ಎರಡೂ ತಪ್ಪು ಮಾಡಿಯೇ ಕಲಿತವನು ನಾನು. ಆ ಕಥೆ ಬೇಡ, ಲೆಕ್ಕ ನೋಡಿ.

5ಕ್ಕೆ ಹೊರಡುತ್ತೆ ಅಂದ್ರೆ 5ಕ್ಕೆ ಹಗ್ಗ ಬಿಚ್ಚಿರ್ತಾರೆ. ಚೆಕ್‌ಇನ್ ಮುಚ್ಚೋದು ಸಾಮಾನ್ಯವಾಗಿ 60ರಿಂದ 90 ನಿಮಿಷ ಮೊದಲು, ಯಾಕಂದ್ರೆ ಹಡಗಿನಲ್ಲಿರುವವರ ಅಂತಿಮ ಪಟ್ಟಿ ಸಿದ್ಧವಾಗಬೇಕು. ಅಂದ್ರೆ ನಿಮ್ಮ ನಿಜವಾದ ಗಡುವು 3:30. ಇಮಿಗ್ರೇಶನ್ ಸಾಲು, ಮಾವನವರಿಗೆ ವೀಲ್‌ಚೇರ್ ಬರೋ ತನಕ ಕಾಯೋದು, ಆರು ಜನರ ಲಗೇಜು, ಮಗುವಿನ ಸ್ಟ್ರಾಲರ್, ಆರು ಜನ ಹಿಡಿಸೋ ಗಾಡಿ ಹುಡುಕೋದು, ಎಲ್ಲ ಸೇರಿಸಿ. ವಿಮಾನ ಎರಡು ಗಂಟೆ ತಡವಾದರೂ ಮುಗೀತು. ಒಂದು ಸೂಟ್‌ಕೇಸ್ ಕನೆಕ್ಷನ್‌ನಲ್ಲಿ ಉಳಿದುಹೋದರೆ ಅದು ನಿಮ್ಮ ಹಿಂದೆ ಊರೂರು ಸುತ್ತುತ್ತೆ, ಏಳು ದಿನ ಕೈಗೆ ಸಿಗಲ್ಲ. ಒಂದು ದಿನ ಮುಂಚೆ ಇಳಿಯಿರಿ. ಚಳಿಗಾಲವಾದರೆ, ಅಥವಾ ಎರಡು ಕನೆಕ್ಷನ್ ಇದ್ದರೆ, ಎರಡು ದಿನ ಮುಂಚೆ. ಹೋಟೆಲ್ ಒಂದು ರಾತ್ರಿಯದ್ದು ಉಳಿಸೋಕೆ ಹೋಗಿ ಇಡೀ ಕ್ರೂಸ್ ಕಳ್ಕೊಳ್ಳೋದು ಯಾವ ಜಾಣತನ?

"ತಪ್ಪಿದರೆ ಮುಂದಿನ ಪೋರ್ಟ್‌ನಲ್ಲಿ ಹತ್ತಿದರಾಯ್ತು" ಅನ್ನೋರಿಗೆ ಒಂದು ಮಾತು. ಕಂಪನಿ ಒಪ್ಪಬೇಕು, ಆ ಪೋರ್ಟ್‌ನಲ್ಲಿ ಪ್ರಯಾಣಿಕರನ್ನ ಹತ್ತಿಸಿಕೊಳ್ಳೋ ವ್ಯವಸ್ಥೆ ಇರಬೇಕು, ವೀಸಾ ಹೊಂದಬೇಕು. ಅಮೆರಿಕದ ಕಡೆ ಇನ್ನೂ ಕಷ್ಟ: 1886ರ ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆಕ್ಟ್ ಪ್ರಕಾರ ವಿದೇಶಿ ಧ್ವಜದ ಹಡಗು ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿಸಿಕೊಂಡವರನ್ನ ದೂರದ ವಿದೇಶಿ ಬಂದರು ಮುಟ್ಟದೆ ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸೋ ಹಾಗಿಲ್ಲ. ಸಿಯಾಟಲ್‌ನಲ್ಲಿ ಅಲಾಸ್ಕಾ ಹಡಗು ತಪ್ಪಿಸಿಕೊಂಡು ಜೂನೋದಲ್ಲಿ ಹತ್ತಿ ವಾಪಸ್ ಸಿಯಾಟಲ್‌ನಲ್ಲಿ ಇಳೀತೀನಿ ಅಂದ್ರೆ ಬಿಡಲ್ಲ. ದಾರಿಯಲ್ಲಿ ಸಿಗೋ ಕೆನಡಾದ ವಿಕ್ಟೋರಿಯಾ "ದೂರದ" ಬಂದರು ಅಂತ ಲೆಕ್ಕಕ್ಕೆ ಬರಲ್ಲ.

ಈಗ ಕ್ಯಾಬಿನ್. ನನ್ನ ತಲೆ ಕೆಡೋದೇ ಇಲ್ಲಿ. ಗ್ಯಾರಂಟಿ ಅಂದ್ರೆ ಇಂಥ ದರ್ಜೆಯ ಕ್ಯಾಬಿನ್ ಕೊಡ್ತೀವಿ ಅನ್ನೋ ಭರವಸೆ ಅಷ್ಟೇ. ಎಲ್ಲಿ ಅನ್ನೋದು ಅವರಿಷ್ಟ. ಎರಡು ಗ್ಯಾರಂಟಿ ತಗೊಂಡರೆ ನೀವು 5ನೇ ಡೆಕ್‌ನ ಮೂತಿಯಲ್ಲಿ, ಅತ್ತೆ-ಮಾವ 12ನೇ ಡೆಕ್‌ನ ಬಾಲದಲ್ಲಿ ಇರಬಹುದು. ಇಬ್ಬರೇ ಹೋಗೋ ಗಟ್ಟಿ ಹೊಟ್ಟೆಯವರಿಗೆ ಗ್ಯಾರಂಟಿ ಸರಿ. ಕುಟುಂಬಕ್ಕೆ ಬೇಡವೇ ಬೇಡ.

ಹಡಗು ಏತವಿದ್ದ ಹಾಗೆ. ಅಲೆಗೆ ಮುಂದೆ-ಹಿಂದೆ ತೂಗುವಾಗ ನಡುಭಾಗ ಹೆಚ್ಚು ಕದಲಲ್ಲ, ತುದಿಗಳೇ ಮೇಲೆ ಕೆಳಗೆ ಆಡೋದು. ಪಕ್ಕಕ್ಕೆ ಓಲಾಡುವಾಗ ಎತ್ತರ ಹೆಚ್ಚಿದಷ್ಟೂ ಓಲಾಟ ಹೆಚ್ಚು. ಆದ್ದರಿಂದ ನಡುಭಾಗ, ಕೆಳಗಿನ ಡೆಕ್. "ದೊಡ್ಡ ಹಡಗಿಗೆ ಸ್ಟೆಬಿಲೈಜರ್ ಇರುತ್ತೆ, ಅಲುಗಾಡಲ್ಲ" ಅಂತ ಏಜೆಂಟ್ ಹೇಳಿದ್ದನ್ನ ನಂಬಬೇಡಿ. ಆ ರೆಕ್ಕೆಗಳು ಪಕ್ಕದ ಓಲಾಟ ತಗ್ಗಿಸುತ್ತವೆ, ಮುಂದೆ-ಹಿಂದಿನ ತೂಗಾಟಕ್ಕೆ ಏನೂ ಮಾಡಲ್ಲ.

ನಂಬರ್ ಆರಿಸೋ ಮೊದಲು ಕಂಪನಿಯ ಸೈಟಿನಿಂದ ಡೆಕ್ ಪ್ಲಾನ್ ಇಳಿಸಿಕೊಳ್ಳಿ. ಅದೇ ಹಡಗಿನದ್ದು, ಅದೇ ವರ್ಷದ್ದು. ಒಂದೇ ಕ್ಲಾಸಿನ ಅಕ್ಕತಂಗಿ ಹಡಗುಗಳಲ್ಲೂ ರಿಪೇರಿ ಆದ ಮೇಲೆ ನಕ್ಷೆ ಬದಲಾಗಿರುತ್ತೆ. ಮೂರು ಡೆಕ್ ಪಕ್ಕಪಕ್ಕ ಇಟ್ಟುಕೊಳ್ಳಿ: ನಿಮ್ಮದು, ಮೇಲಿನದ್ದು, ಕೆಳಗಿನದ್ದು. ಲಿಫ್ಟ್ ಗುಂಪು ಮೂರರಲ್ಲೂ ಒಂದೇ ಕಡೆ ಬರುತ್ತೆ, ಅದನ್ನೇ ಗುರುತು ಮಾಡಿಕೊಂಡು ನಿಮ್ಮ ಕ್ಯಾಬಿನ್ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯೋ ಸದ್ದು. ಬಫೆ ಇದ್ದರೆ ಟ್ರಾಲಿ. ಕೆಳಗೆ ಥಿಯೇಟರ್ ಅಥವಾ ಡಿಸ್ಕೊ ಇದ್ದರೆ ನಡುರಾತ್ರಿ ತನಕ ಹಾಸಿಗೆಯೇ ತಾಳ ಹಾಕುತ್ತೆ. ನಕ್ಷೆಯಲ್ಲಿ ಹೆಸರಿಲ್ಲದ ಖಾಲಿ ಜಾಗ ಕಂಡರೆ ಖಾಲಿ ಅಂದ್ಕೋಬೇಡಿ. ಅದು ಅಡುಗೆಮನೆಯೋ ಸಿಬ್ಬಂದಿಯ ಸರ್ವಿಸ್ ಜಾಗವೋ ಆಗಿರುತ್ತೆ. ತೀರಾ ಕೆಳಗೆ, ಮೂತಿಯ ಹತ್ತಿರ ಹೋದರೂ ತೊಂದರೆ: ಪೋರ್ಟ್ ತಲುಪೋ ಹೊತ್ತಿಗೆ ಬೋ ಥ್ರಸ್ಟರ್ (ಹಡಗನ್ನ ಪಕ್ಕಕ್ಕೆ ತಳ್ಳೋ ಮೂತಿಯ ಪ್ರೊಪೆಲ್ಲರ್) ಗುಡುಗುತ್ತೆ, ಲಂಗರಿನ ಸರಪಳಿ ಇಳಿಸಿದರೆ ಇಡೀ ಕ್ಯಾಬಿನ್ ಎದ್ದು ಕೂರುತ್ತೆ. ತೀರಾ ಹಿಂದೆ ಪ್ರೊಪೆಲ್ಲರ್ ನಡುಕ. ಲೈಫ್‌ಬೋಟ್ ಇರೋ ಡೆಕ್‌ನಲ್ಲಿ ಕಿಟಕಿಗೆ ಬೋಟೇ ಅಡ್ಡ ಇರಬಹುದು, "ಅಬ್‌ಸ್ಟ್ರಕ್ಟೆಡ್" ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಅತ್ತೆ-ಮಾವನವರಿಗೆ ಲಿಫ್ಟಿನಿಂದ ಐದಾರು ಬಾಗಿಲು ದೂರ ಇರೋದು ನೋಡಿ. ಲಿಫ್ಟ್ ಎದುರಿಗೇ ಬೇಡ, ಗಲಾಟೆ.

ನಿಮ್ಮ ಆರು ಜನಕ್ಕೆ ಕನೆಕ್ಟಿಂಗ್ ಬಾಗಿಲಿರೋ ಎರಡು ಕ್ಯಾಬಿನ್, ಅದು ಸಿಗದಿದ್ದರೆ ಒಂದು ಬಾಲ್ಕನಿ, ಅದರ ಎದುರಿಗೇ ಕಾರಿಡಾರ್ ಆಚೆ ಒಂದು ಇನ್‌ಸೈಡ್ (ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್). ಕನೆಕ್ಟಿಂಗ್ ಬಾಗಿಲಿನಿಂದ ಸದ್ದು ತೂರಿ ಬರುತ್ತೆ, ಹಾಗಾಗಿ ಆಚೆ ಕಡೆ ನಿಮ್ಮವರೇ ಇದ್ದರೆ ಮಾತ್ರ ಒಳ್ಳೇದು. ಹಲವು ಕಂಪನಿಗಳಲ್ಲಿ ಪ್ರತಿ ಕ್ಯಾಬಿನ್‌ಗೆ ಇಂತಿಷ್ಟು ವಯಸ್ಸು ದಾಟಿದ ಒಬ್ಬರಿರಲೇಬೇಕು, ಬಹಳ ಕಡೆ ಅದು 21. ಮಲಗೋದು ಹೇಗೆ ಬದಲಾಯಿಸಿಕೊಂಡರೂ ನಡೆಯುತ್ತೆ, ಗೆಸ್ಟ್ ಸರ್ವೀಸಸ್‌ನಲ್ಲಿ ಇನ್ನೊಂದು ಕೀ ಕೊಡ್ತಾರೆ. ಆದರೆ ಮಸ್ಟರ್ ಸ್ಟೇಷನ್ (ಅಪಾಯದ ಹೊತ್ತಲ್ಲಿ ಸೇರಬೇಕಾದ ಜಾಗ) ಕಾಗದದಲ್ಲಿರೋ ಕ್ಯಾಬಿನ್ ಪ್ರಕಾರವೇ, ಇದನ್ನ ಮರೀಬೇಡಿ. ಎರಡು ಬುಕಿಂಗ್ ಲಿಂಕ್ ಮಾಡಿಸಿ, ಇಲ್ಲಾಂದ್ರೆ ಊಟದ ಟೇಬಲ್ ಬೇರೆ ಬೇರೆ ಬರುತ್ತೆ. ಮೂರನೇ ನಾಲ್ಕನೇ ಹಾಸಿಗೆ ಎಷ್ಟೋ ಹಡಗಲ್ಲಿ ಮೇಲಿಂದ ಇಳಿಬಿಡೋ ಪುಲ್‌ಮನ್, ಏಣಿ ಹತ್ತಬೇಕು. ಮಗ ಹತ್ತಲಿ, ಚಿಕ್ಕವಳಿಗೆ ಬುಕಿಂಗ್ ಮಾಡುವಾಗಲೇ ತೊಟ್ಟಿಲು ಮಂಚ ಕೇಳಿ. "ಆಮೇಲೆ ಒಬ್ಬರನ್ನ ಸೇರಿಸಿದರಾಯ್ತು" ಅನ್ನೋ ಯೋಚನೆಯೂ ಬೇಡ. ಆ ಭಾಗದ ಲೈಫ್‌ಬೋಟ್ ಲೆಕ್ಕ ತುಂಬಿದ್ದರೆ ಹಾಸಿಗೆ ಖಾಲಿ ಇದ್ದರೂ ಸೇರಿಸಲ್ಲ.

ಹಡಗು ಕಾಯಿಲೆಗೆ ಮಾತ್ರೆ ವಾಂತಿ ಶುರುವಾದ ಮೇಲೆ ಅಲ್ಲ, ಮೊದಲೇ ತಗೋಬೇಕು. ಮೆಕ್ಲಿಜೀನ್, ಡೈಮೆನ್‌ಹೈಡ್ರಿನೇಟ್ ಎರಡೂ ಕೆಲಸ ಮಾಡ್ತವೆ, ಎರಡನೆಯದು ಹೆಚ್ಚು ಮಂಪರು ತರುತ್ತೆ. ಕಿವಿಯ ಹಿಂದೆ ಅಂಟಿಸೋ ಸ್ಕೊಪೊಲಮೈನ್ ಪಟ್ಟಿಯನ್ನ ಕನಿಷ್ಠ 4 ಗಂಟೆ ಮೊದಲು ಹಚ್ಚಬೇಕು, ಮೂರು ದಿನ ಬರುತ್ತೆ. ಮುಟ್ಟಿದ ಕೈ ತೊಳೆಯದೆ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತೆ. ಗ್ಲಾಕೋಮಾ ಇದ್ದರೆ, ಪ್ರಾಸ್ಟೇಟ್ ತೊಂದರೆ ಇದ್ದರೆ ಮಾವನವರಿಗೆ ಡಾಕ್ಟರನ್ನ ಕೇಳದೆ ಹಚ್ಚಬೇಡಿ. ಮಕ್ಕಳಿಗಂತೂ ಅದು ಅಲ್ಲವೇ ಅಲ್ಲ. ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳಿಗೆ ಉಸಿರಾಟಕ್ಕೇ ಅಪಾಯ. ನಿಮ್ಮ ಮಗಳು ಆ ಗಡಿಯಲ್ಲೇ ಇದ್ದಾಳೆ, ಗುಂಪಿನಲ್ಲಿ ಯಾರೇ ಹೆಸರು ಹೇಳಿದರೂ ಮಕ್ಕಳ ಡಾಕ್ಟರ್ ಹೇಳದೆ ಏನೂ ಕೊಡಬೇಡಿ. ಮಣಿಕಟ್ಟಿಗೆ ಹಾಕೋ ಸೀ-ಬ್ಯಾಂಡ್ ಬಗ್ಗೆ ನನಗೆ ನಂಬಿಕೆ ಇಲ್ಲ, ಹಾಕಿದರೆ ನಷ್ಟವೂ ಇಲ್ಲ. ಇನ್ನೊಂದು: ಮಂಪರಿನ ಮಾತ್ರೆ ತಗೊಂಡ ಹಿರಿಯರು ರಾತ್ರಿ ಬಾತ್‌ರೂಮಿನ ಎತ್ತರದ ಹೊಸಿಲು ಎಡವಿ ಬೀಳ್ತಾರೆ. ಒಂದು ಸಣ್ಣ ಬ್ಯಾಟರಿ ನೈಟ್‌ಲ್ಯಾಂಪ್ ಒಯ್ಯಿರಿ.

ವೀಸಾ ಬಗ್ಗೆ ನೀವು ಏನೂ ಬರೆದಿಲ್ಲ, ಅದೇ ಭಯ. ವೀಸಾ ಬೇಕಾಗೋ ಪಾಸ್‌ಪೋರ್ಟ್ ಆದರೆ ಪೋರ್ಟ್‌ಗಳ ಪಟ್ಟಿ ಮುಂದಿಟ್ಟುಕೊಳ್ಳಿ. ನಡುವೆ ಟ್ಯುನೀಷಿಯಾ, ಟರ್ಕಿ, ಮಾಂಟೆನೆಗ್ರೋ ಯಾವುದಾದರೂ ಇದ್ದರೆ ನೀವು ಷೆಂಗೆನ್‌ನಿಂದ (ಒಂದೇ ವೀಸಾ ನಡೆಯೋ ಯುರೋಪಿನ ದೇಶಗಳ ಗುಂಪು) ಹೊರಗೆ ಹೋಗಿ ಮತ್ತೆ ಒಳಗೆ ಬರ್ತೀರಿ, ಸಿಂಗಲ್ ಎಂಟ್ರಿ ಸಾಲಲ್ಲ, ಮಲ್ಟಿಪಲ್ ಬೇಕು. (ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗೇ ಇದೆ, ಹಳೇ ಬ್ಲಾಗ್ ಓದಿ ಗೊಂದಲ ಮಾಡ್ಕೋಬೇಡಿ.) "ಆ ಊರಲ್ಲಿ ಇಳಿಯಲ್ಲ, ಹಡಗಲ್ಲೇ ಇರ್ತೀವಿ" ಅನ್ನೋ ವಾದ ಕೌಂಟರ್‌ನಲ್ಲಿ ನಡೆಯಲ್ಲ. ಪಟ್ಟಿಯಲ್ಲಿರೋ ಒಂದು ದೇಶದ ಕಾಗದ ಕಡಿಮೆ ಇದ್ದರೂ ಹತ್ತಿಸದೆ ಬಿಡಬಹುದು. ಪಾಸ್‌ಪೋರ್ಟ್ ಅವಧಿ ವಾಪಸ್ ಬರೋ ದಿನದಿಂದ ಇನ್ನೂ ಆರು ತಿಂಗಳು ಇರಲಿ. ಮೊಮ್ಮಕ್ಕಳನ್ನ ಅಜ್ಜ-ಅಜ್ಜಿ ಅಥವಾ ತಂದೆ-ತಾಯಿಯಲ್ಲಿ ಒಬ್ಬರೇ ಕರ್ಕೊಂಡು ಹೋಗೋದಾದರೆ ನೋಟರಿ ಆದ ಒಪ್ಪಿಗೆ ಪತ್ರ ಬೇಕು.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆ ಪೋರ್ಟರ್ ತಗೋತಾನೆ, ಅದು ಕ್ಯಾಬಿನ್ ಬಾಗಿಲಿಗೆ ಬರೋದು ಸಂಜೆ, ಕೆಲವೊಮ್ಮೆ ರಾತ್ರಿ. ಆದ್ದರಿಂದ ಕೈಚೀಲದಲ್ಲಿ ಪಾಸ್‌ಪೋರ್ಟ್, ಬೋರ್ಡಿಂಗ್ ಕಾಗದ, ಹಿರಿಯರ ಎಲ್ಲ ಔಷಧ (ಮೂಲ ಡಬ್ಬಿಯಲ್ಲಿ, ಮೂರ್ನಾಲ್ಕು ದಿನ ಹೆಚ್ಚಿಗೆ), ಡೈಪರ್, ಮಗುವಿನ ಎರಡು ಜೊತೆ ಬಟ್ಟೆ, ಚಾರ್ಜರ್, ಈಜುಡುಗೆ. ಪಾಸ್‌ಪೋರ್ಟನ್ನ ಪೆಟ್ಟಿಗೆಗೆ ಹಾಕಿ ಪೋರ್ಟರ್ ಕೈಗೆ ಕೊಟ್ಟು ಆಮೇಲೆ ಬಂದರಲ್ಲಿ ಅಳೋರು ಪ್ರತಿ ಹಡಗಿಗೂ ಒಬ್ಬರಿರ್ತಾರೆ. ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ ಸಿಕ್ಕರೆ ಎತ್ತಿಟ್ಟುಕೊಳ್ತಾರೆ. ಸರ್ಜ್ ಪ್ರೊಟೆಕ್ಟರ್ ಇರೋ ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ಬೇಡ. ಹಡಗಿನ ವಿದ್ಯುತ್ ವ್ಯವಸ್ಥೆ ಮನೆಯದ್ದರ ಹಾಗೆ ಅರ್ಥ್ ಆಗಿರಲ್ಲ, ಅಂಥ ಬೋರ್ಡ್ ಬಿಸಿಯಾಗಿ ಬೆಂಕಿ ಹತ್ತಬಹುದು. ನಾಲ್ಕೈದು ಪೋರ್ಟಿನ ಯುಎಸ್‌ಬಿ ಚಾರ್ಜರ್ ಸಾಕು, ಆಂಕರ್ ಕಂಪನಿಯದ್ದು ನನಗೆ ಇಷ್ಟ. ಗೋಡೆ ಬಹುತೇಕ ಲೋಹದ್ದು, ನಾಲ್ಕು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಒದ್ದೆ ಬಟ್ಟೆಗೆ ಜಾಗ ಆಯ್ತು.

ಮಗಳ ವಿಷಯಕ್ಕೆ ಬಂದರೆ, ಡೈಪರ್ ಬಿಡದ ಮಕ್ಕಳನ್ನ ಮುಖ್ಯ ಈಜುಕೊಳಕ್ಕೆ ಬಿಡಲ್ಲ, ಸ್ವಿಮ್ ಡೈಪರ್ ಹಾಕಿದರೂ ಅಷ್ಟೇ. ಚಿಕ್ಕವರಿಗೇ ಬೇರೆ ಸ್ಪ್ಲಾಶ್ ಜಾಗ ಇರೋ ಹಡಗು ನೋಡಿ. ಮಕ್ಕಳ ಕ್ಲಬ್ ಬಹಳ ಕಡೆ ಮೂರು ವರ್ಷದಿಂದ, ಅದೂ ಟಾಯ್ಲೆಟ್ ಅಭ್ಯಾಸ ಆಗಿದ್ದರೆ ಮಾತ್ರ. ಕೈಗೂಸು ಇರೋರು ಇದನ್ನೂ ಓದಿ: ಸಾಮಾನ್ಯವಾಗಿ ಆರು ತಿಂಗಳು ತುಂಬಿರಬೇಕು, ಸಾಗರ ದಾಟೋ ಯಾನಕ್ಕೆ ಹನ್ನೆರಡು. ಗರ್ಭಿಣಿಯರಿಗೆ ಯಾನ ಮುಗಿಯೋದರೊಳಗೆ 24 ವಾರ ಮುಟ್ಟೋದಾದರೆ ಬಹುತೇಕ ಕಂಪನಿ ಹತ್ತಿಸಲ್ಲ. ಕಂಪನಿಗಳಲ್ಲಿ ಡಿಸ್ನಿಯ ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಟಾಯ್ಲೆಟ್ ಒಂದು ಕಡೆ, ಸ್ನಾನ ಇನ್ನೊಂದು ಕಡೆ. ನಾಲ್ಕು ಜನರ ಬೆಳಗಿಗೆ ಅದೊಂದೇ ಸಾಕು ನನಗೆ. ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳು ನಿಮ್ಮ ಮಗನಿಗೆ ಹಬ್ಬ, ಅತ್ತೆಯವರ ಮಂಡಿಗೆ ಶಿಕ್ಷೆ, ಅಷ್ಟು ನಡಿಗೆ. ವರ್ಜಿನ್, ವೈಕಿಂಗ್ ಚೆನ್ನಾಗಿದೆ ಅಂತ ಕೆಳಗೆ ಯಾರೋ ಹೇಳಿದ್ದಾರೆ. ಎರಡೂ 18 ದಾಟಿದವರಿಗೆ ಮಾತ್ರ, ಓದದೆ ಸಲಹೆ ಕೊಡಬೇಡಿ ಸ್ವಾಮಿ.

ಪೋರ್ಟ್ ಹೆಸರು ನೋಡಿ ಮೋಸ ಹೋಗಬೇಡಿ. "ರೋಮ್" ಅಂದ್ರೆ ಚಿವಿಟವೆಕ್ಕಿಯಾ, ರೋಮ್ ಅಲ್ಲಿಂದ 70–80 ಕಿ.ಮೀ. "ಫ್ಲಾರೆನ್ಸ್" ಅಂದ್ರೆ ಲಿವೋರ್ನೊ, ಇನ್ನೂ ದೂರ. ಅಷ್ಟು ದೂರಕ್ಕೆ ಎರಡು ವರ್ಷದ ಮಗು, ಹಿರಿಯರು ಇರುವಾಗ ಹಡಗಿನವರ ಬಸ್ಸೇ ಹಿಡೀರಿ; ಅದು ತಡವಾದರೆ ಹಡಗು ಕಾಯುತ್ತೆ, ನಿಮ್ಮ ಸ್ವಂತ ಟ್ಯಾಕ್ಸಿಗೆ ಕಾಯಲ್ಲ. ಹತ್ತಿರದ ಜಾಗಕ್ಕೆ ಮಾತ್ರ ಸ್ವಂತ ಸುತ್ತಾಟ, ಆಲ್-ಅಬೋರ್ಡ್ (ಎಲ್ಲರೂ ಹಡಗಿನಲ್ಲಿರಲೇಬೇಕಾದ) ಹೊತ್ತಿಗಿಂತ ಎರಡು ಗಂಟೆ ಮೊದಲು ಬಂದರಿನ ಹತ್ತಿರ ಇರಿ. ಆ ಹೊತ್ತು ಹಡಗಿನ ಗಡಿಯಾರದ್ದು. ಮೊಬೈಲ್ ತಾನಾಗೇ ಊರಿನ ಸಮಯಕ್ಕೆ ಹೊರಳುತ್ತೆ, ಆದ್ದರಿಂದ ಕೈಗೊಂದು ಸಾದಾ ವಾಚ್ ಕಟ್ಟಿ. ಸಾಂತೊರಿನಿಯಂಥ ಟೆಂಡರ್ ಪೋರ್ಟ್‌ನಲ್ಲಿ ಹಡಗು ದೂರದಲ್ಲೇ ನಿಲ್ಲುತ್ತೆ, ಸಣ್ಣ ದೋಣಿಗೆ ಹೆಜ್ಜೆ ಇಟ್ಟು ದಾಟಬೇಕು. ಅಲೆ ಇದ್ದರೆ ವೀಲ್‌ಚೇರ್ ಬಿಡಲ್ಲ. ಮೊಬೈಲನ್ನ ಹಗ್ಗ ಬಿಚ್ಚೋ ಮೊದಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಸಿಗೋ ಸಿಗ್ನಲ್ ಹಡಗಿನ ಉಪಗ್ರಹ ನೆಟ್‌ವರ್ಕ್‌ನದ್ದು, ನಿಮ್ಮ ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯ ಆಗಲ್ಲ. ಆನ್‌ಬೋರ್ಡ್ ಖಾತೆಗೆ (ಹಡಗಿನಲ್ಲಿ ಮಾಡೋ ಖರ್ಚು ಸೇರೋ ಲೆಕ್ಕ) ಡೆಬಿಟ್ ಕಾರ್ಡ್ ಕೊಡಬೇಡಿ, ದಿನಾ ಹಣ ತಡೆಹಿಡಿದು ಬಿಡುಗಡೆಗೆ ವಾರ ಹಿಡಿಸ್ತಾರೆ. ಟಿಪ್ ತಲೆಗಿಷ್ಟು ಅಂತ ತಾನಾಗೇ ಸೇರುತ್ತೆ, ಎಷ್ಟೋ ಕಡೆ ಮಕ್ಕಳಿಗೂ.

ಕೈ ಸೋಪು ನೀರಲ್ಲೇ ತೊಳೆಸಿ. ಬಫೆ ಬಾಗಿಲಲ್ಲಿ ಹಾಕೋ ಸ್ಯಾನಿಟೈಜರ್ ವಾಂತಿ-ಭೇದಿ ತರೋ ನೊರೊವೈರಸ್ ಮೇಲೆ ಅಷ್ಟಾಗಿ ನಡೆಯಲ್ಲ. ಹಡಗಿನ ಡಾಕ್ಟರ್ ಬಿಲ್ ಬೇರೆ, ಆದ್ದರಿಂದ ಇನ್ಶೂರೆನ್ಸ್‌ನಲ್ಲಿ ಸಮುದ್ರದಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು, ಹಿರಿಯರ ಹಳೇ ಕಾಯಿಲೆ, ಎರಡೂ ಇದೆಯಾ ಓದಿ. ಮುಂಗಡ ಕೊಟ್ಟ ವಾರದೊಳಗೇ ಕೊಳ್ಳಿ. ಹಳೇ ಕಾಯಿಲೆ ಒಳಗೊಳ್ಳೋಕೆ ಕೆಲವು ಪಾಲಿಸಿಗಳು ಇಷ್ಟೇ ದಿನ ಅಂತ ಗಡುವು ಇಟ್ಟಿರ್ತವೆ.

ವಾಪಸ್ ವಿಮಾನ ಮಧ್ಯಾಹ್ನ 1ರ ಮೇಲೆ ಇರಲಿ. ಹಡಗು ಬೆಳಿಗ್ಗೆ 6–7ಕ್ಕೆ ತಲುಪಿದರೂ ಇಳಿಯೋಕೆ ನಿಮ್ಮ ಲಗೇಜ್ ಟ್ಯಾಗಿನ ಬಣ್ಣದ ಗುಂಪನ್ನ ಕರೆಯೋದು 8ಕ್ಕೋ 9ಕ್ಕೋ. ಕೊನೇ ರಾತ್ರಿ 10–11ರೊಳಗೆ ಪೆಟ್ಟಿಗೆಗಳನ್ನ ಬಾಗಿಲಾಚೆ ಇಡಬೇಕು, ಅವು ರಾತ್ರಿಯೇ ಕೆಳಗೆ ಹೋಗ್ತವೆ. ಇಡೋ ಮೊದಲು ಆರೂ ಜನರ ಬೆಳಗಿನ ಬಟ್ಟೆ, ಚಪ್ಪಲಿ, ಹಲ್ಲುಜ್ಜೋ ಬ್ರಷ್ ಎಣಿಸಿ ಹಾಸಿಗೆ ಮೇಲೆ ಹರಡಿ. ಎಲ್ಲ ತುಂಬಿ ಕಳಿಸಿ ಬರಿಗಾಲಲ್ಲಿ ಕಸ್ಟಮ್ಸ್ ಸಾಲಲ್ಲಿ ನಿಲ್ಲೋರು ಇದ್ದಾರೆ. ಅದೆಲ್ಲ ಆಮೇಲಿನ ಮಾತು. ಇವತ್ತೇ ಏರ್‌ಲೈನ್‌ಗೆ ಫೋನ್ ಮಾಡಿ ಟಿಕೆಟ್ ಒಂದು ದಿನ ಹಿಂದಕ್ಕೆ ಹಾಕಿಸಿ, ಕ್ಯಾಬಿನ್ ನಂಬರ್ ಫೈನಲ್ ಮಾಡೋ ಮೊದಲು ಡೆಕ್ ಪ್ಲಾನ್ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.