8 ಜನ, 9 ಬೋರ್ಡ್: ಟ್ರೆಲ್ಲೊದಲ್ಲಿ ಕೆಲಸ ಹೇಗೆ ಹಂಚಿಕೊಳ್ಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೀದರ್‌ನಲ್ಲಿ ಬಿದರಿ ಸಾಮಾನು ಮಾಡಿಸಿ ಆನ್‌ಲೈನ್‌ನಲ್ಲಿ ಮಾರುತ್ತೀರಿ. ತಂಡದಲ್ಲಿ 8 ಜನ. ಟ್ರೆಲ್ಲೊ ಅಂದರೆ ಒಂದೊಂದು ಕೆಲಸಕ್ಕೆ ಒಂದು ಕಾರ್ಡ್ ಮಾಡಿ, ಬೋರ್ಡ್‌ನಲ್ಲಿ ಹಂತಕ್ಕೊಂದರಂತೆ ಇರುವ ಕಾಲಂಗಳಲ್ಲಿ ಅದನ್ನು ಸರಿಸುತ್ತಾ ಹೋಗುವ ಆ್ಯಪ್. ಅದರಲ್ಲಿ ದೊಡ್ಡ ಗಿರಾಕಿಗೊಂದು, ಆಫೀಸಿನ ಹುಡುಗರಿಗೆ ಒಂದೊಂದು, ಹಬ್ಬದ ಆರ್ಡರ್‌ಗಳಿಗೆ ಇನ್ನೊಂದು ಅಂತ 9 ಬೋರ್ಡ್ ಆಗಿವೆ. ಒಂದೇ ಆರ್ಡರ್ ಮೂರು ಕಡೆ ಇದೆ. ಒಂದು ಕಡೆ ತಿದ್ದಿದರೆ ಉಳಿದ ಎರಡು ಕಡೆ ಹಳೆಯದೇ ಇರುತ್ತದೆ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ತರಬೇಕಾ, ಇಲ್ಲ ಜೀರಾ ಅನ್ನುವ ಇನ್ನೊಂದು ಆ್ಯಪ್‌ಗೆ ಹೋಗಬೇಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಟ್ರೆಲ್ಲೊನೇ ಇರಲಿ, ಮೂರು ಬೋರ್ಡ್ ಸಾಕು.

ನಾನು ಕಲಬುರಗಿಯಲ್ಲಿ ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡದಲ್ಲಿ ಇದ್ದೇನೆ. ಬೋರ್ಡ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವೇ. ನಾವು ಇಟ್ಟುಕೊಂಡ ನಿಯಮ ಒಂದೇ: ಕೆಲಸ ಸಾಗುವ ಹಂತಗಳು ಬೇರೆಯಾದರೆ ಮಾತ್ರ ಹೊಸ ಬೋರ್ಡ್. ಗಿರಾಕಿ ಬೇರೆ, ಮಾಡುವವನು ಬೇರೆ, ಹಬ್ಬ ಬೇರೆ ಅನ್ನುವುದಕ್ಕೆಲ್ಲ ಕಾರ್ಡ್‌ಗೆ ಹಾಕುವ ಬಣ್ಣದ ಲೇಬಲ್ ಇದೆ, ಸದಸ್ಯರ ಹೆಸರಿದೆ, ತಾರೀಖಿದೆ. ಅದಕ್ಕೆ ಬೋರ್ಡ್ ಖರ್ಚು ಮಾಡಬೇಡಿ. ಉಚಿತ ಖಾತೆಯಲ್ಲಿ ಒಂದು ವರ್ಕ್‌ಸ್ಪೇಸ್‌ಗೆ (ತಂಡದ ಬೋರ್ಡ್‌ಗಳೆಲ್ಲ ಇರುವ ಜಾಗ) ಸಿಗುವುದೇ 10 ಬೋರ್ಡ್. ನೀವು ಆಗಲೇ ಅಂಚಿಗೆ ಬಂದಿದ್ದೀರಿ.

ನಿಮ್ಮ ಕೆಲಸವನ್ನು ಈ ಕಣ್ಣಿನಿಂದ ನೋಡಿ. ಆರ್ಡರ್ ಸಾಗುವ ದಾರಿ ಒಂದು: ವಿಚಾರಣೆ, ಮುಂಗಡ ಬಂತು, ತಯಾರಿಯಲ್ಲಿ, ಪ್ಯಾಕಿಂಗ್, ಕೊರಿಯರ್, ಬಾಕಿ ಹಣ. ಕಾರ್ಖಾನೆಯ ದಾರಿಯೇ ಬೇರೆ. ಸತು ಮತ್ತು ತಾಮ್ರ ಸೇರಿಸಿದ ಎರಕ, ಅರ ಹಾಕಿ ನಯ ಮಾಡುವುದು, ಮೈಲುತುತ್ತ ಹಚ್ಚಿ ಚಿತ್ತಾರ ಬರೆದು ಕೆತ್ತುವುದು, ಬೆಳ್ಳಿ ಕೂರಿಸುವುದು, ಪಾಲಿಶ್, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುವುದು. ಇಷ್ಟು ಅಚ್ಚುಕಟ್ಟಾಗಿ ಹಂತ ಬಿದ್ದ ಕೆಲಸ ನಮ್ಮ ಸಾಫ್ಟ್‌ವೇರ್‌ನಲ್ಲೂ ಇಲ್ಲ. ಇನ್ನು ಫೋಟೊ, ವಿವರಣೆ, ಬೆಲೆ ಹಾಕಿ ವೆಬ್‌ಸೈಟ್‌ಗೆ ಏರಿಸುವುದು ಮೂರನೆಯ ದಾರಿ. ಹೊಸ ವಿನ್ಯಾಸ ಬಂದಾಗ ಮಾತ್ರ ಅದರ ಕೆಲಸ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ತುಂಬಿದರೆ ಹದಿನೈದು ಕಾಲಂ ಆಗಿ, ಮೊಬೈಲ್‌ನಲ್ಲಿ ಸರಿಸಿ ಸರಿಸಿ ಬೆರಳು ನೋಯುತ್ತದೆ ಅಷ್ಟೇ.

ಈಗ ನಿಮ್ಮ ತಲೆನೋವಿನ ಮೂಲಕ್ಕೆ ಬರೋಣ. ಒಂದೇ ಆರ್ಡರ್ ಮೂರು ಕಡೆ ಯಾಕಿದೆ? ಆರ್ಡರ್ ನೋಡುವವರಿಗೂ 'ಕೆತ್ತನೆ ಆಯ್ತಾ, ಬೆಳ್ಳಿ ಕೂರಿಸಿದ್ರಾ' ಅಂತ ತಿಳಿಯಬೇಕು. ಅದಕ್ಕೆ ಅವರೂ ಆ ಕಾಲಂಗಳನ್ನು ತಮ್ಮ ಬೋರ್ಡ್‌ನಲ್ಲಿ ಮಾಡಿಕೊಂಡಿರುತ್ತಾರೆ. ಅದನ್ನು ತೆಗೆಸಿ. ಆರ್ಡರ್ ಬೋರ್ಡ್‌ನಲ್ಲಿ 'ತಯಾರಿಯಲ್ಲಿ' ಅನ್ನುವ ಒಂದು ಕಾಲಂ ಇದ್ದರೆ ಸಾಕು. ಆ ಒಂದು ಕಾಲಂ ಒಳಗೆ ಏನಾಗುತ್ತಿದೆ ಅನ್ನುವುದನ್ನು ಹೇಳುವುದಕ್ಕೇ ಕಾರ್ಖಾನೆ ಬೋರ್ಡ್ ಇರುವುದು. ಒಂದು ಹಂತದ ಹೆಸರು ಎರಡು ಬೋರ್ಡ್‌ಗಳಲ್ಲಿ ಕಂಡರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಹಾಗಾದರೆ ಆರ್ಡರ್ ಕಾರ್ಡನ್ನೇ ಕಾರ್ಖಾನೆ ಬೋರ್ಡ್‌ಗೆ ಸರಿಸಿಬಿಡಬಹುದಲ್ವಾ? ಬೇಡ. ಸರಿಸಿದರೆ ಆರ್ಡರ್ ಕಡೆಯವರ ಕಣ್ಣಿಂದ ಅದು ಮಾಯವಾಗುತ್ತದೆ. ನಕಲು ಮಾಡಿದರೆ ಎರಡು ಸತ್ಯ ಹುಟ್ಟುತ್ತವೆ. ಇಲ್ಲಿ ನಿಜಕ್ಕೂ ಇರುವುದು ಎರಡು ಬೇರೆ ಕೆಲಸ. ಗಿರಾಕಿಗೆ ಮಾತು ಉಳಿಸಿಕೊಳ್ಳುವುದು ಒಂದು, ವಸ್ತು ಮಾಡುವುದು ಇನ್ನೊಂದು. ಹಾಗಾಗಿ ಎರಡು ಕಾರ್ಡ್ ಮಾಡಿ, ಒಂದರ ಲಿಂಕನ್ನು ಇನ್ನೊಂದರ ಅಟ್ಯಾಚ್‌ಮೆಂಟ್‌ನಲ್ಲಿ ಅಂಟಿಸಿ. ಎರಡೂ ಕಡೆಯಿಂದ ಅಂಟಿಸಬೇಕು, ಒಂದೇ ಕಡೆ ಅಲ್ಲ. 'ನಮ್ ಮಾಲ್ ಎಲ್ಲಿಗಿ ಬಂತ್ರಿ?' ಅಂತ ಗಿರಾಕಿ ಫೋನ್ ಮಾಡಿದಾಗ ಆರ್ಡರ್ ಕಾರ್ಡ್ ತೆರೆದು ಲಿಂಕ್ ಒತ್ತಿದರೆ ಆಯ್ತು, ಕಾರ್ಖಾನೆಯ ಸ್ಥಿತಿ ಕಾಣುತ್ತದೆ.

ಎರಡು ಕಾರ್ಡ್ ಇರುವುದರ ಲಾಭ ಎರಕದ ದಿನ ಗೊತ್ತಾಗುತ್ತದೆ. ಮೂರು ಆರ್ಡರ್‌ಗಳ ತಟ್ಟೆಗಳನ್ನು ಒಟ್ಟಿಗೆ ಎರಕ ಹೊಯ್ಯುವುದು ಸಹಜ. ಆಗ ಕಾರ್ಖಾನೆಯಲ್ಲಿ ಆ ಒಂದು ಕಂತಿಗೆ ಒಂದೇ ಕಾರ್ಡ್, ಅದಕ್ಕೆ ಮೂರು ಆರ್ಡರ್ ಕಾರ್ಡ್‌ಗಳ ಲಿಂಕ್. ತದ್ವಿರುದ್ಧವೂ ಆಗುತ್ತದೆ. ಕಾಲೇಜೊಂದರ ನೂರು ನೆನಪಿನ ಕಾಣಿಕೆಯ ಆರ್ಡರ್ ನಾಲ್ಕು ಕಂತಿನಲ್ಲಿ ಹೋಗಬಹುದು. ಆಗ ಒಂದು ಆರ್ಡರ್ ಕಾರ್ಡ್, ನಾಲ್ಕು ಕಾರ್ಖಾನೆ ಕಾರ್ಡ್. ನಮ್ಮಲ್ಲೂ ಇದೇ ಲೆಕ್ಕ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬಂದು ಮಿಲ್‌ಗಳು ಬಿಡುವಿಲ್ಲದೆ ಓಡುವಾಗ ಒಂದೇ ದೋಷಕ್ಕೆ ಹಲವು ಮಿಲ್‌ನವರು ಫೋನ್ ಮಾಡುತ್ತಾರೆ. ಪ್ರತಿ ಫೋನಿಗೂ ಸಪೋರ್ಟ್ ಬೋರ್ಡ್‌ನಲ್ಲಿ ಒಂದು ಕಾರ್ಡ್, ಯಾಕೆಂದರೆ ಎಲ್ಲರಿಗೂ ತಿರುಗಿ ಫೋನ್ ಮಾಡಬೇಕು. ದೋಷದ ಕಾರ್ಡ್ ಮಾತ್ರ ಡೆವಲಪರ್‌ಗಳ ಬೋರ್ಡ್‌ನಲ್ಲಿ ಒಂದೇ. ಅದು ಸರಿಯಾದ ದಿನ ಲಿಂಕ್ ನೋಡಿಕೊಂಡು ಒಬ್ಬೊಬ್ಬರಿಗೇ ಹೇಳುತ್ತೇವೆ.

ತಾರೀಖಿನ ವಿಷಯದಲ್ಲಿ ಹುಷಾರು. ಗಿರಾಕಿಗೆ ಕೊಟ್ಟ ತಾರೀಖು ಆರ್ಡರ್ ಕಾರ್ಡ್‌ನಲ್ಲಿ ಇರಲಿ. ಕಾರ್ಖಾನೆ ಕಾರ್ಡ್‌ಗೆ ಅದಕ್ಕಿಂತ ಮುಂಚಿನ ಬೇರೆ ತಾರೀಖು ಹಾಕಿ. ಪ್ಯಾಕಿಂಗ್, ಕೊರಿಯರ್‌ಗೂ ದಿನ ಬೇಕಲ್ವಾ. ಲೇಬಲ್‌ಗಳ ಹೆಸರು, ಬಣ್ಣ ಮೂರೂ ಬೋರ್ಡ್‌ಗಳಲ್ಲಿ ಒಂದೇ ಇರಬೇಕು. ಒಂದು ಕಡೆ 'ಅರ್ಜೆಂಟ್', ಇನ್ನೊಂದು ಕಡೆ 'ತುರ್ತು' ಅಂತ ಇದ್ದರೆ ಹುಡುಕುವಾಗ ಅರ್ಧ ಕಾರ್ಡ್ ಸಿಗುವುದಿಲ್ಲ. ಸರಿಯಾಗಿದ್ದರೆ ಮೇಲಿನ ಹುಡುಕುವ ಪಟ್ಟಿಯಲ್ಲಿ ಲೇಬಲ್ ಹೆಸರು ಕೊಟ್ಟು ಎಲ್ಲ ಬೋರ್ಡ್‌ಗಳ ಕಾರ್ಡ್‌ಗಳನ್ನೂ ಒಟ್ಟಿಗೆ ನೋಡಬಹುದು. ತನ್ನ ಹೆಸರಿನ ಕಾರ್ಡ್‌ಗಳನ್ನೆಲ್ಲ ಒಂದೇ ಕಡೆ ನೋಡುವ ಪುಟವೂ ಪ್ರತಿಯೊಬ್ಬರಿಗೂ ಇದೆ. ಹುಡುಗರಿಗೆ ಒಂದೊಂದು ಬೋರ್ಡ್ ಮಾಡಿದ್ದು ಇದಕ್ಕೇ ಆಗಿದ್ದರೆ ಅದರ ಅಗತ್ಯವೇ ಇಲ್ಲ.

ಕೆತ್ತನೆ ಮತ್ತು ಬೆಳ್ಳಿ ಕೂರಿಸುವ ಕಾಲಂಗಳಿಗೆ ಒಮ್ಮೆಗೆ ಇಷ್ಟೇ ಕಾರ್ಡ್ ಅಂತ ಮಿತಿ ಹಾಕಿ. ಇದು ಟೊಯೊಟಾ ಕಾರ್ಖಾನೆಯಿಂದ ಬಂದ ಕಾನ್ಬಾನ್ ಪದ್ಧತಿಯ ಜೀವಾಳ. ಕೈಯಿಂದಲೇ ಆಗುವ, ನಿಧಾನದ ಕೆಲಸ ಅದು. ಎರಕದವರು ಬೇಗ ಬೇಗ ಹೊಯ್ದು ಕಳಿಸಿದರೆ ಅಲ್ಲಿ ರಾಶಿ ಬೀಳುತ್ತದೆ. ಯಾವುದು ಮೊದಲು ಅಂತ ಕುಶಲಕರ್ಮಿಗಳು ಗೊಂದಲಪಡುತ್ತಾರೆ. 'ಲಿಸ್ಟ್ ಲಿಮಿಟ್ಸ್' ಅನ್ನುವ ಪವರ್-ಅಪ್ (ಟ್ರೆಲ್ಲೊಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಹಾಕಿದರೆ ಮಿತಿ ದಾಟಿದ ಕಾಲಂ ಬಣ್ಣ ಬದಲಿಸಿ ತೋರಿಸುತ್ತದೆ.

ಅಂದಹಾಗೆ, ಉಸ್ತಾದರ ಕೈಗೆ ಮೊಬೈಲ್ ಕೊಟ್ಟು ಕಾರ್ಡ್ ಸರಿಸಿ ಅನ್ನಬೇಡಿ. ಕೈತುಂಬ ಮಣ್ಣು, ಮಸಿ ಇರುತ್ತದೆ. ಅವರು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವನ್ನೋ ಫೋಟೊವನ್ನೋ ಕಳಿಸಲಿ. ಕಾರ್ಖಾನೆ ಬೋರ್ಡ್‌ಗೆ ಒಬ್ಬರನ್ನು ಗೊತ್ತು ಮಾಡಿ, ಸಂಜೆ ಅವರು ಕಾರ್ಡ್ ಸರಿಸಲಿ. ಮೂರು ಬೋರ್ಡ್‌ಗೂ ಹೀಗೆ ಒಬ್ಬೊಬ್ಬರು ಇರಬೇಕು. 'ಎಲ್ಲರೂ ನೋಡ್ಕೋತಾರೆ' ಅಂದರೆ ಯಾರೂ ನೋಡುವುದಿಲ್ಲ.

ಜೀರಾ ಬಗ್ಗೆ ಇಷ್ಟು. ಟ್ರೆಲ್ಲೊ ಶುರುವಾದದ್ದು 2011ರಲ್ಲಿ, 2017ರಲ್ಲಿ ಜೀರಾ ಮಾಡುವ ಅಟ್ಲಾಸಿಯನ್ ಅದನ್ನು ಕೊಂಡಿತು. ಈಗ ಎರಡೂ ಒಂದೇ ಕಂಪನಿಯವು, ಆದರೆ ಒಳಗಿನ ವ್ಯವಸ್ಥೆ ಬೇರೆ. ಟ್ರೆಲ್ಲೊ ಬೋರ್ಡ್ ಡಬ್ಬಿ ಇದ್ದ ಹಾಗೆ, ಕಾರ್ಡ್ ಒಂದೇ ಡಬ್ಬಿಯಲ್ಲಿ ಇರುತ್ತದೆ. ಜೀರಾ ಬೋರ್ಡ್ ಕಿಟಕಿ. ಒಂದೇ ಕೆಲಸ ಎರಡು ಕಿಟಕಿಯಲ್ಲಿ ಕಾಣಬಹುದು, ಒಂದರಲ್ಲಿ ಸರಿಸಿದರೆ ಇನ್ನೊಂದರಲ್ಲೂ ಸರಿಯುತ್ತದೆ. ಕೇಳಲು ಚೆಂದ. ಆದರೆ ಕೆಲಸದ ಸ್ಥಿತಿಗಳನ್ನು, ಅಂದರೆ ಯಾವ ಹಂತದಲ್ಲಿದೆ ಅನ್ನುವ ಗುರುತುಗಳನ್ನು, ಪ್ರತಿ ಬೋರ್ಡ್‌ನ ಕಾಲಂಗೂ ಜೋಡಿಸಬೇಕು. ಜೋಡಿಸಲು ಬಿಟ್ಟುಹೋದ ಸ್ಥಿತಿಗೆ ಹೋದ ಕೆಲಸ ಆ ಬೋರ್ಡ್‌ನಲ್ಲಿ ಕಾಣುವುದೇ ಇಲ್ಲ. ನಮ್ಮಲ್ಲಿ ಅದನ್ನು ನೋಡಿಕೊಳ್ಳಲು ನಾನಿದ್ದೇನೆ, ನಿಮ್ಮಲ್ಲಿ ಯಾರು? ಒಂದೇ ಕಾರ್ಡ್ ಎರಡು ಬೋರ್ಡ್‌ನಲ್ಲಿ ಕಾಣಲೇಬೇಕು ಅಂದರೆ ಟ್ರೆಲ್ಲೊದಲ್ಲೇ ಹಣ ಕೊಡುವ ಖಾತೆಗೆ ಮಿರರ್ ಕಾರ್ಡ್ ಸೌಲಭ್ಯ ಇದೆ. ಮೊದಲು ಲಿಂಕ್‌ನಿಂದ ನಡೆಸಿ ನೋಡಿ, ಸಾಲದಿದ್ದರೆ ಆಮೇಲೆ ದುಡ್ಡು ಕೊಟ್ಟರಾಯಿತು.

ಬದಲಾವಣೆಯನ್ನು ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಮುಂಚೆಯಾಗಲಿ, ನವೆಂಬರ್ 1ರ ರಾಜ್ಯೋತ್ಸವದ ಮುಂಚೆಯಾಗಲಿ ಮಾಡಬೇಡಿ. ಕಾಣಿಕೆಯ ಆರ್ಡರ್‌ಗಳು ಜಾಸ್ತಿ ಇರುವ ಹೊತ್ತು ಅದು. ಕೆಲಸ ಕಡಿಮೆ ಇರುವ ವಾರ ನೋಡಿ, ನಡೆಯುತ್ತಿರುವ ಕಾರ್ಡ್‌ಗಳನ್ನು ಮಾತ್ರ ಮೂರು ಬೋರ್ಡ್‌ಗೆ ತನ್ನಿ. ಮುಗಿದ ಕಾರ್ಡ್‌ಗಳು ಹಳೆಯ ಬೋರ್ಡ್‌ನಲ್ಲೇ ಇರಲಿ. ಆ ಬೋರ್ಡ್‌ಗಳನ್ನು ಅಳಿಸಬೇಡಿ, ಮುಚ್ಚಿ ಅಷ್ಟೇ. ಮುಚ್ಚಿದ ಬೋರ್ಡನ್ನು ಬೇಕಾದಾಗ ಮತ್ತೆ ತೆರೆಯಬಹುದು. ಹೋದ ವರ್ಷ ಆ ಗಿರಾಕಿಗೆ ಯಾವ ಚಿತ್ತಾರ ಮಾಡಿಕೊಟ್ಟಿದ್ದಿರಿ ಅಂತ ನೋಡಲು ಅದು ಬೇಕಾಗುತ್ತದೆ.