ಮದ್ದು ಬಿಟ್ಟಾಯಿತೇ ಎಂದು ಕೇಳುತ್ತಿದ್ದ ಸೈನಿಕ

(ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರ ಪತ್ರದ ಸಾರ: ಸೇನೆಯಲ್ಲಿದ್ದ ಅಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ವರ್ಷಾಂತಿಕದ ಹೊತ್ತಿಗೆ ಅವರ ಬಗ್ಗೆ ಬರೆಯುವ ಆಸೆ. ಆದರೆ "ಲಾರಿ ಓಡಿಸಿಕೊಂಡಿದ್ದವರ ಬಗ್ಗೆ ಬರೆಯಲಿಕ್ಕೆ ಏನುಂಟು, ಶೌರ್ಯ ಪದಕ ಬಂದಿದೆಯಾ" ಎನ್ನುತ್ತಾರೆ ನೆಂಟರು. ಅಪ್ಪನ ಕಾಗದಗಳಲ್ಲೂ ಯುದ್ಧದ ಮಾತಿಲ್ಲ. ಏನು ಬರೆಯಲಿ?)

ನಮಸ್ಕಾರ. ಧಾರಾಳವಾಗಿ ಬರೆಯಿರಿ. ನೆಂಟರಿಗೆ ನಾನೇ ಉತ್ತರ ಕೊಡುತ್ತೇನೆ.

ನಿಮ್ಮಪ್ಪ ಆರ್ಮಿ ಸರ್ವಿಸ್ ಕೋರ್‌ನವರು. ಮುಂದೆ ನಿಂತ ಪಡೆಗೆ ರೇಷನ್, ಪೆಟ್ರೋಲು ಮುಟ್ಟಿಸುವ ವಿಭಾಗ ಅದು. ಆ ಲಾರಿ ಬಾರದಿದ್ದರೆ ಬಂದೂಕು ಹಿಡಿದವನೂ ಕೈಕಟ್ಟಿ ಕೂರಬೇಕಾಗುತ್ತದೆ. ನೀವು ಕಳಿಸಿದ ಪದಕಗಳ ಪಟ್ಟಿಯಲ್ಲಿ ಪೂರ್ವಿ ಸ್ಟಾರ್ ಇದೆ. 1971ರ ಯುದ್ಧಕಾಲದ ಸೇವೆಗೆ ಕೊಟ್ಟ ಸಂಗ್ರಾಮ್ ಮೆಡಲ್ ತುಂಬ ಜನರಿಗೆ ಸಿಕ್ಕಿದೆ. ಪೂರ್ವಿ ಸ್ಟಾರ್ ಹಾಗಲ್ಲ, ಪೂರ್ವದ ರಣರಂಗದ ಸೇವೆಗೆಂದೇ ಇದ್ದದ್ದು. ಡಿಸೆಂಬರ್ 16ರಂದು ಢಾಕಾದ ಶರಣಾಗತಿಯೊಂದಿಗೆ ಮುಗಿದ ಯುದ್ಧದಲ್ಲಿ ಅವರೂ ಇದ್ದರು ಎಂದಾಯಿತು. ಪದಕವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನಂಬರು, ಹೆಸರು ಕೊರೆದಿರಬಹುದು. ಇಷ್ಟನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ನನಗೆ ಹಿಡಿಸಿದ್ದು ಅಪ್ಪ ಅಮ್ಮನಿಗೆ ಬರೆದ, ನೀವು ನಕಲು ಮಾಡಿ ಕಳಿಸಿದ ಇನ್‌ಲ್ಯಾಂಡ್ ಪತ್ರ. "ಎರಡನೇ ಮದ್ದು ಬಿಟ್ಟಾಯಿತೇ? ಮೈಲುತುತ್ತು ಸಾಲದಿದ್ದರೆ ನಿನ್ನ ಅಣ್ಣನ ಹತ್ತಿರ ಕೇಳು. ದೊಡ್ಡವಳ ಕೆಮ್ಮು ಹೇಗಿದೆ?" ಮದ್ದು ಎಂದರೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ, ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿ ಮಾಡುವ ದ್ರಾವಣ. ಕಳಿಸಿದವರ ವಿಳಾಸ ಬರೀ 56 ಎಪಿಒ, ಅಂದರೆ ಸೇನಾ ಅಂಚೆ ಕಚೇರಿಯ ನಂಬರು. ಅದರಿಂದ ಊರು ತಿಳಿಯುವುದಿಲ್ಲ, ಎಲ್ಲಿದ್ದೇನೆಂದು ಸೈನಿಕ ಬರೆಯುವಂತೆಯೂ ಇರಲಿಲ್ಲ. ತಾನಿರುವ ಜಾಗ ಹೇಳಲಾಗದ ಮನುಷ್ಯನಿಗೆ ಪೆರ್ಲದ ತೋಟದ ಕೊಳೆರೋಗದ ಚಿಂತೆ! ಇಂಥ ನಾಲ್ಕು ಪತ್ರ ಸಿಕ್ಕರೆ ಲೇಖನ ಅರ್ಧ ಆದಂತೆಯೇ.

1955ರಲ್ಲಿ ಸೇರಿ 1979ರಲ್ಲಿ ನಿವೃತ್ತಿ ಎಂದಿದ್ದೀರಿ. ವರ್ಷಕ್ಕೆ ಎರಡು ತಿಂಗಳ ರಜೆ ಎಂದು ಹಿಡಿದರೂ 24 ವರ್ಷದಲ್ಲಿ ಊರಲ್ಲಿದ್ದದ್ದು ನಾಲ್ಕೇ ವರ್ಷ. ಮಿಕ್ಕ 20 ವರ್ಷ ಮಕ್ಕಳ ಶಾಲೆ, ಅಡಿಕೆ ಕೊಯ್ಲು, ಅತ್ತೆ–ಮಾವನ ಆಸ್ಪತ್ರೆ ಎಲ್ಲ ನೋಡಿದ್ದು ಯಾರು? ಅಮ್ಮನನ್ನು ಕೂರಿಸಿಕೊಂಡು ಕೇಳಿ. "ಆಮೇಲೆ ತೋಟ ನೋಡಿಕೊಂಡಿದ್ದರು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಲ್ಲ, ಅದು 40 ವರ್ಷಕ್ಕೂ ಮಿಕ್ಕಿದ ಬಾಳು. ರಜೆಯಲ್ಲಿ ನೆಂಟರ ಹಾಗೆ ಬಂದು ಹೋಗುತ್ತಿದ್ದವರು ಕಾಯಂ ಮನೆಯಲ್ಲೇ ಉಳಿದಾಗ ಎಲ್ಲರಿಗೂ ಸಲೀಸಾಯಿತೇ? ಜಟಾಪಟಿ ನಡೆದಿದ್ದರೆ ಅದೂ ಬರಲಿ. ಬರೀ ಗುಣಗಾನದ ಶ್ರದ್ಧಾಂಜಲಿಗಳು ನಮ್ಮ ಮೇಜಿನ ಮೇಲೆ ಬೇಕಾದಷ್ಟಿವೆ.

ನಮ್ಮ ಗಡಿನಾಡಿನ ಒಂದು ಸಂಗತಿ ಬಿಡಬೇಡಿ. ಅವರು ಸೇನೆ ಸೇರುವಾಗ ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು, ಆಮೇಲೆ ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡು ಜಿಲ್ಲೆ. ಮನೆ ಮಾತ್ರ ಇದ್ದಲ್ಲೇ ಇತ್ತು. ಡಿಸ್ಚಾರ್ಜ್ ಬುಕ್ಕಿನಲ್ಲಿ ಯಾವ ಜಿಲ್ಲೆ ಬರೆದಿದೆ, ತೆಗೆದು ನೋಡಿ. ಹಾಗೇ ಅಮ್ಮನ ಹೆಸರಿನ ಸ್ಪೆಲ್ಲಿಂಗು ಆಧಾರ್‌ಗೆ ತಾಳೆಯಾಗುತ್ತದೆಯೇ ನೋಡಿಬಿಡಿ, ಕುಟುಂಬ ಪಿಂಚಣಿ ಇಂಥ ಸಣ್ಣ ವಿಷಯಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ವ್ಯತ್ಯಾಸ ಇದ್ದರೆ ಜಿಲ್ಲಾ ಸೈನಿಕ ಕ್ಷೇಮ ಕಚೇರಿಯಲ್ಲಿ ವಿಚಾರಿಸಿ.

ಲೇಖನ ಎರಡು ಪುಟ ಮೀರದಿರಲಿ. ಯೂನಿಫಾರ್ಮಿನ ಫೋಟೊ ಒಂದು, ತೋಟದ್ದೋ ಜಗಲಿಯದ್ದೋ ಇನ್ನೊಂದು ಇರಲಿ. ಇನ್‌ಲ್ಯಾಂಡ್ ಪತ್ರಗಳನ್ನು ಮಾತ್ರ ಅಂಚೆಗೆ ಹಾಕಬೇಡಿ, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಕು.

– ಸಂ.