ಐವತ್ತರ ಹೊಸ್ತಿಲಲ್ಲಿ ಬಿ.ಎ.

ಪ್ರಶ್ನೆ: ನನಗೀಗ 49 ವರ್ಷ. ಕುಂದಾಪುರದಲ್ಲಿ ಪಿ.ಯು.ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಮುಂಬಯಿ ಬಳಿಯ ಡೊಂಬಿವಲಿಗೆ ಬಂದವಳು. ಮಕ್ಕಳಿಬ್ಬರೂ ಕೆಲಸಕ್ಕೆ ಸೇರಿದ್ದಾರೆ, ಇನ್ನಾದರೂ ಬಿ.ಎ. ಮಾಡಬೇಕೆಂಬ ಆಸೆ. ಆದರೆ ರಾತ್ರಿ ಎರಡೆರಡು ಸಲ ಓದಿದ್ದು ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಮರೆತಿರುತ್ತದೆ. ‘ಈಗ ಇದೆಲ್ಲ ಎಂತಕ್ಕಮ್ಮ?’ ಎಂದು ಮಗ ನಗುತ್ತಾನೆ. ಕಲಿಯುವ ವಯಸ್ಸು ದಾಟಿತೇ?
– ಓರ್ವ ಗೃಹಿಣಿ, ಡೊಂಬಿವಲಿ

ಉತ್ತರ: ದಾಟಿಲ್ಲ. ಹೊಸತನ್ನು ಗ್ರಹಿಸುವ ವೇಗ ಈ ವಯಸ್ಸಿನಲ್ಲಿ ತುಸು ತಗ್ಗುವುದು ನಿಜವಾದರೂ, ಶಬ್ದಸಂಪತ್ತು ಮತ್ತು ಲೋಕಜ್ಞಾನ ಇನ್ನೂ ಬೆಳೆಯುತ್ತಲೇ ಇರುತ್ತವೆ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರಗಳಿಗೆ ಬೇಕಾದ ಬಂಡವಾಳ ಅದೇ. ಮರೆವಿನ ವಿಚಾರಕ್ಕೆ ಬಂದರೆ, ಓದಿದ್ದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದಾಗ ಆತನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಎರಡೆರಡು ಸಲ ಓದುವುದೇ ನಿಮ್ಮ ತೊಡಕು ಎಂದು ನನಗನಿಸುತ್ತದೆ. ಎರಡನೆಯ ಓದಿನಲ್ಲಿ ಎಲ್ಲವೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ಕಲಿಕೆಯೆಂದು ತಿಳಿಯುತ್ತೇವೆ. ಅದರ ಬದಲು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನಷ್ಟೇ ನೋಡಿ. ಮರುದಿನ ಒಮ್ಮೆ, ನಾಲ್ಕು ದಿನ ಕಳೆದು ಮತ್ತೊಮ್ಮೆ ಹಾಗೆಯೇ ಮಾಡಿ. ನಾನು ನನ್ನ 54ನೆಯ ವಯಸ್ಸಿನಲ್ಲಿ ಮರಾಠಿಯ ಹಳೆಯ ಮೋಡಿ ಲಿಪಿ ಕಲಿಯಲು ಕುಳಿತಾಗ, ಲೇಖನಿ ಎತ್ತದೆ ಕೂಡಿಸಿ ಬರೆಯುವ ಆ ಅಕ್ಷರಗಳನ್ನು ನೂರು ಸಲ ನೋಡಿದರೂ ಕೈಗೆ ಹತ್ತಲಿಲ್ಲ. ನೋಡದೆ ಬರೆದು, ತಪ್ಪಿ, ತಿದ್ದಿಕೊಂಡ ಮೇಲೆಯೇ ಒಲಿದವು.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಬಿ.ಎ.ಗೆ ವಯಸ್ಸಿನ ಮೇಲ್ಮಿತಿಯಿಲ್ಲ. ಮೂರು ವರ್ಷದ ಓದನ್ನು ಮೂರೇ ವರ್ಷದಲ್ಲಿ ಮುಗಿಸಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಪಠ್ಯಗಳು ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತವೆ. ಓದಿದ್ದನ್ನು ತರಕಾರಿ ಹೆಚ್ಚುವಾಗ ನಿಮ್ಮದೇ ಕುಂದಗನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ಅರ್ಥವಾಗಿಲ್ಲವೆಂದು ತಿಳಿಯಿರಿ. ಕೇಳಲು ನಗುವ ಮಗನನ್ನೇ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರ ಕಥೆ ಈ ಮುಂಬಯಿಯ ಯಾವ ಕನ್ನಡ ಮನೆಗೂ ಹೊಸತಲ್ಲ, ಅವನೂ ಕೇಳಿರಬಹುದು. ಪದವಿಯ ನಂತರವೂ ಓದುವ ಮನಸ್ಸಿದ್ದರೆ, ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ. ಇದೆ.

ಇನ್ನೊಂದು ಮಾತು. ಇಗ್ನೋದಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅಂಕ ಮನೆಯಲ್ಲೇ ಬರೆಯುವ ಅಸೈನ್‌ಮೆಂಟಿಗೆ, 70 ಪರೀಕ್ಷೆಗೆ. ಅಸೈನ್‌ಮೆಂಟನ್ನು ಒಪ್ಪಿಸುವ ಮುನ್ನ ಒಂದು ಝೆರಾಕ್ಸ್ ತೆಗೆದಿಟ್ಟುಕೊಳ್ಳಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.